ಮನೆ ಕಂದಾಯದ ರಸೀದಿಯಲ್ಲೊಂದು ಸಾಲು

ಈ ವರ್ಷದ ಮನೆ ಕಂದಾಯ ಕಟ್ಟಿ ಬಂದ ಮೇಲೆ ರಸೀದಿಯನ್ನು ಕಡತಕ್ಕೆ ಸೇರಿಸುವ ಮುನ್ನ ಒಮ್ಮೆ ನಿಧಾನವಾಗಿ ಓದಿದೆ. ತೆರಿಗೆಯ ಕೆಳಗೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂದಿತ್ತು. ಸಾವಿರ ರೂಪಾಯಿ ತೆರಿಗೆ ಕಟ್ಟುವವರು ಅರವತ್ತು ರೂಪಾಯಿಯನ್ನು ಪುಸ್ತಕಗಳಿಗಾಗಿ ಕೊಡುತ್ತಾರೆ, ಆದರೆ ಹಾಗೆ ಕೊಟ್ಟಿದ್ದೇವೆಂಬುದು ನಮ್ಮಲ್ಲಿ ಹೆಚ್ಚಿನವರ ಗಮನಕ್ಕೇ ಬಂದಿರುವುದಿಲ್ಲ. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಚರಿತ್ರೆಯನ್ನು ಈ ಸಾಲಿನಿಂದಲೇ ಓದಬೇಕೆಂದು ನನಗೆ ಅನಿಸುತ್ತದೆ.

ಸಾಮಾನ್ಯವಾಗಿ ಈ ಚರಿತ್ರೆಯನ್ನು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಿಂದ ಆರಂಭಿಸುತ್ತಾರೆ. ಅದು ತಪ್ಪೇನಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ ಆ ಭವನದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಆರಂಭವಾದ ಬೆಂಗಳೂರಿನ ಸಾರ್ವಜನಿಕ ಗ್ರಂಥಾಲಯವೇ ಮುಂದೆ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಆದರೆ ರಾಜಾಶ್ರಯದಲ್ಲಿ ರಾಜಧಾನಿಗೊಂದು ಗ್ರಂಥಾಲಯ ದೊರೆಯುವುದು ಬೇರೆ, ಹಳ್ಳಿಯವರೆಗೂ ಪುಸ್ತಕ ತಲುಪಿಸುವುದು ಸರ್ಕಾರದ ಕರ್ತವ್ಯವೆಂದು ಕಾನೂನು ಬರೆದಿಡುವುದು ಬೇರೆ.

1956ರಲ್ಲಿ ಕನ್ನಡ ನಾಡು ಒಂದಾದಾಗ ಗ್ರಂಥಾಲಯದ ವಿಷಯದಲ್ಲಿ ಅದು ಒಂದಾಗಿರಲಿಲ್ಲ. ಮದರಾಸು ಪ್ರಾಂತ್ಯದಿಂದ ಬಂದ ದಕ್ಷಿಣ ಕನ್ನಡಕ್ಕೆ 1948ರ ಮದರಾಸು ಕಾಯ್ದೆಯ ಅನುಭವವಿತ್ತು. ಬೀದರ್, ಗುಲ್ಬರ್ಗ, ರಾಯಚೂರುಗಳಿಗೆ 1955ರ ಹೈದರಾಬಾದ್ ಕಾಯ್ದೆ ಅನ್ವಯಿಸುತ್ತಿತ್ತು. ಹಳೆಯ ಮೈಸೂರಿಗಾಗಲಿ, ಮುಂಬಯಿ ಪ್ರಾಂತ್ಯದಿಂದ ಬಂದ ಧಾರವಾಡ, ಬೆಳಗಾವಿ, ವಿಜಾಪುರಗಳಿಗಾಗಲಿ ಅಂಥದೊಂದು ಕಾಯ್ದೆಯೇ ಇರಲಿಲ್ಲ. ಈ ಹರಕು ಹೊದಿಕೆಯನ್ನು ಒಂದಾಗಿ ಹೊಲಿದದ್ದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಅದರ ಹಿಂದೆ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಚಿಂತನೆಯಿತ್ತು. ಮದರಾಸಿನ ಕಾಯ್ದೆಗಾಗಿ ದುಡಿದಿದ್ದ ಅವರು ಆ ಹೊತ್ತಿಗೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನೂ ಸ್ಥಾಪಿಸಿದ್ದರು. 1966ರ ನವೆಂಬರ್ 1ರಂದು, ಅಂದರೆ ಏಕೀಕರಣಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಗ್ರಂಥಾಲಯಗಳಿಗೆಂದೇ ಪ್ರತ್ಯೇಕ ಇಲಾಖೆ ಅಸ್ತಿತ್ವಕ್ಕೆ ಬಂತು.

ಕಾಯ್ದೆಯ ಜಾಣತನವಿರುವುದು ಕರದಲ್ಲಿ. ಪ್ರತಿ ವರ್ಷ ಆಯವ್ಯಯದ ಮುಂದೆ ಕೈಚಾಚುವ ಬದಲು ಗ್ರಂಥಾಲಯಕ್ಕೆ ತನ್ನದೇ ಆದಾಯ ಇರಬೇಕೆಂದು ಅದು ಬಯಸಿತು. ಅದರ ದೌರ್ಬಲ್ಯವಿರುವುದೂ ಅಲ್ಲಿಯೇ: ಕರವನ್ನು ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ಒಂದು ಜೇಬಿಗೆ ಬಿದ್ದ ಹಣ ಇನ್ನೊಂದಕ್ಕೆ ದಾಟುವಾಗ ಆಗುವ ವಿಳಂಬವನ್ನು ನಾನು ಬಲ್ಲೆ. ಬಾಲ್ಯದಲ್ಲಿ ನಾನು ಹೋಗುತ್ತಿದ್ದ ವಾಚನಾಲಯದಲ್ಲಿ ಇಳಿಜಾರು ಮೇಜಿನ ಮೇಲೆ ಕಬ್ಬಿಣದ ಪಟ್ಟಿಯಡಿ ದಿನಪತ್ರಿಕೆಗಳು ತಪ್ಪದೆ ಇರುತ್ತಿದ್ದವು. ಎರಡು ಮಳೆಗಾಲ ಸೋರಿದ ಮಾಡಿನ ರಿಪೇರಿಗೆ ಮಾತ್ರ ಹಣ ಬರಲೇ ಇಲ್ಲ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಹೋದವು. ಈಗ ಅವುಗಳ ಫಲಕದ ಮೇಲೆ 'ಅರಿವು ಕೇಂದ್ರ' ಎಂದಿದೆ. ಕರ ಸಂಗ್ರಹಿಸುವ ಪಂಚಾಯಿತಿಯೇ ಗ್ರಂಥಾಲಯವನ್ನೂ ನೋಡಿಕೊಳ್ಳುವುದು ಒಳ್ಳೆಯದೆಂದೇ ನನ್ನ ಎಣಿಕೆ. ಕಳೆದ ತಿಂಗಳು ಊರಿಗೆ ಹೋದಾಗ ಅಂಥದೊಂದು ಕೇಂದ್ರದ ಮೇಲ್ವಿಚಾರಕರನ್ನು ಗ್ರಂಥಾಲಯ ಕರದ ಬಗ್ಗೆ ಕೇಳಿದೆ. ಅವರು ನಕ್ಕು, "ಅದನ್ನು ಕೇಳಿದವರು ನೀವೇ ಮೊದಲು ಸ್ವಾಮಿ" ಎಂದು ಸಹಿ ಹಾಕಲು ಹಾಜರಿ ಪುಸ್ತಕವನ್ನು ನನ್ನತ್ತ ಸರಿಸಿದರು.