ಮೈಕಿಲ್ಲದ ಮೇಳ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯತಂಡ, ಅಂದರೆ ಸಿಂಫನಿ ಆರ್ಕೆಸ್ಟ್ರಾ, ಪ್ರವಾಸ ಬಂದರೆ ಕಾರವಾರದವರು ಪಣಜಿಗೆ ಹೋಗಿಯೇ ಕೇಳಬೇಕು. ಸಂಜೆ ಏಳರ ಕಾರ್ಯಕ್ರಮಕ್ಕೆ ಮಧ್ಯಾಹ್ನ ಮೂರಕ್ಕೇ ಕಾಳಿ ಸೇತುವೆ ದಾಟಿದ್ದಾಯಿತು. ದಾರಿ ನೂರು ಕಿಲೋಮೀಟರ್ ಆಸುಪಾಸು; ಆದರೂ ಮೂರು ತಾಸು ಹಿಡಿದುಕೊಳ್ಳುವುದೇ ಕ್ಷೇಮ. ಬಾಗಿಲು ಮುಚ್ಚಿತೆಂದರೆ ಮೊದಲ ಕೃತಿ ಮುಗಿಯುವವರೆಗೆ ಹೊರಗೇ ನಿಲ್ಲಬೇಕಾಗುತ್ತದೆ. ಬಯಲಾಟಕ್ಕೆ ಊಟ ಮುಗಿಸಿ ನಿಧಾನ ಹೋದಂತೆ ಇಲ್ಲಿ ನಡೆಯದು.

ಮುಂದಿನ ಸಾಲಿಗೆ ಹೆಚ್ಚು ದುಡ್ಡು ಕೊಡುವುದು ದಂಡ. ಇಲ್ಲಿ ಮೈಕಿಲ್ಲ. ಮುಂದೆ ಕೂತರೆ ಹತ್ತಿರದ ವಯೊಲಿನ್ನೇ ಕಿವಿ ತುಂಬುತ್ತದೆ. ಅದರ ಹಿಂದಿನ ಕೊಳಲು, ಕ್ಲಾರಿನೆಟ್ ತಲೆಯ ಮೇಲಿಂದ ಹಾದುಹೋಗುತ್ತವೆ. ಸಭಾಂಗಣದ ನಡುವಿನಿಂದ ಸ್ವಲ್ಪ ಹಿಂದೆ, ಇಲ್ಲವೇ ಬಾಲ್ಕನಿಯ ಮೊದಲ ಸಾಲು ಸಿಕ್ಕರೆ ಎಲ್ಲ ವಾದ್ಯವೂ ಒಂದಾಗಿ ಬರುತ್ತದೆ.

ವಿರಾಮದ ನಂತರ ಬೀಥೋವನನ ಐದನೆಯ ಸಿಂಫನಿ, ನಾಲ್ಕು ಭಾಗದ ದೊಡ್ಡ ವಾದ್ಯಕೃತಿ, 1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ್ದು. ತಂತಿವಾದ್ಯಗಳೇ 40: ಮೊದಲ ವಯೊಲಿನ್ 12, ಎರಡನೆಯದು 10, ವಿಯೋಲಾ 8, ಚೆಲ್ಲೋ 6, ಡಬಲ್ ಬಾಸ್ 4. ಊದುವ ವಾದ್ಯ, ಟಿಂಪನಿ ಎಂಬ ದೊಡ್ಡ ನಗಾರಿ ಸೇರಿ 58 ಜನ.

ಶ್ರುತಿ ಕೂಡಿಸುವುದನ್ನು ತಪ್ಪಿಸಿಕೊಳ್ಳಬಾರದು. ಶಹನಾಯಿಯಂತೆ ಜೋಡಿ ರೀಡಿನ ಓಬೋ 'ಎ' ಸ್ವರ, 440 ಹರ್ಟ್ಸ್ ಆಸುಪಾಸು, ಹಿಡಿಯುತ್ತದೆ. ಉಳಿದವರೆಲ್ಲ ಅದಕ್ಕೆ ಸೇರಬೇಕು. ಓಬೋದ ನಾದ ಗುಂಪನ್ನು ಸೀಳಿಕೊಂಡು ಕೇಳುತ್ತದೆ, ಆ ಕ್ಷಣಕ್ಕೆ ಸ್ವರ ಬದಲಿಸುವುದೂ ಕಷ್ಟ. ಆದರೆ ನಮ್ಮ ಕರಾವಳಿಯ ಹವೆ ಯಾರ ಮಾತನ್ನೂ ಕೇಳದು. ಹೊರಗೆ ಸೆಕೆ, ತೇವ. ಒಳಗೆ ಏಸಿಯ ಒಣ ಗಾಳಿ. ತೇವದಲ್ಲಿ ಉಬ್ಬಿದ ಮರದ ಬಿರಡೆ ಒಳಗೆ ಕುಗ್ಗಿ ಜಾರುತ್ತದೆ. ದೀಪದ ಬಿಸಿಗೆ ಊದುವ ವಾದ್ಯದ ಶ್ರುತಿ ಏರುತ್ತದೆ, ತಂತಿಯದು ಇಳಿಯುತ್ತದೆ. ಮಳೆಗಾಲದ ತಾಳಮದ್ದಲೆಯಲ್ಲಿ ಮದ್ದಳೆಯ ಚರ್ಮ ಸಡಿಲಾಗುವ ಪಾಡೇ ಇದು.

ಅಂದು ಸಿಂಫನಿಯ ಮೊದಲ ಭಾಗ ಮುಗಿದಾಗ ಎರಡನೇ ಸಾಲಿನ ವಯೊಲಿನ್ನಿನಲ್ಲಿ ಬಿರಡೆ ಜಾರಿತು. ವಾದಕಿ ವಾದ್ಯವನ್ನು ಕಿವಿಗೆ ಒತ್ತಿಕೊಂಡು, ಹೆಬ್ಬೆರಳಿನಿಂದ ತಂತಿಯನ್ನು ಮೀಟುತ್ತ, ಬಿರಡೆಯನ್ನು ಒಳಕ್ಕೆ ತಳ್ಳಿ ತಿರುಗಿಸಿದರು. ಬರೀ ತಿರುಗಿಸಿದರೆ ಮತ್ತೆ ಜಾರುತ್ತದೆ. ಹಿಂದೆ ಟಿಂಪನಿಯವರು ಚರ್ಮಕ್ಕೆ ಮೂಗು ತಾಗುವಷ್ಟು ಬಗ್ಗಿ, ಬೆರಳಿನಿಂದ ತಟ್ಟಿ, ಪೆಡಲ್ ಒತ್ತಿ ನೋಡುತ್ತಿದ್ದರು. ಅಷ್ಟರಲ್ಲಿ ಸಭೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ನಾಲ್ಕು ಭಾಗವೂ ಮುಗಿಯುವವರೆಗೆ ಚಪ್ಪಾಳೆ ಇಲ್ಲ. ಅಳತೆಗೋಲು ಒಂದೇ, ಎದುರು ನಿಂತು ತಂಡ ನಡೆಸುವ ನಿರ್ದೇಶಕರ ಕೈ ಪೂರ್ತಿ ಇಳಿದಿರಬೇಕು.

ಈ ಕೃತಿಯ ಆರಂಭವೇ ಅಪಾಯ. ಮೊದಲು ಒಂದು ಖಾಲಿ ಅರೆಕ್ಷಣ, ಆಮೇಲೆ ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ತಾಳ ಶುರುವಾದ ಮೇಲೆ ಹಾಡು ಎತ್ತುವ ನಮ್ಮ ಅನಾಗತ ಎಡುಪಿನಂತೆ, ನಿರ್ದೇಶಕರ ಕೈ ಬಿದ್ದ ಮೇಲೆ ನಾದ ಏಳಬೇಕು. ಒಬ್ಬ ಅವಸರಿಸಿದರೂ ಕಲ್ಲು ಉರುಳಿದಂತೆ ಕೇಳುತ್ತದೆ. ಅಂದು ಚೂರು ಒರಟಾಗಿಯೇ ಬಂತು, ತಂಡ ಸಾವರಿಸಿಕೊಂಡಿತು.

ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವ ವಾದ್ಯದ ಮೂವರು ಮೂರು ಭಾಗ ಪೂರ್ತಿ ಸುಮ್ಮನೆ ಕೂತಿದ್ದರು. ಕರುಣರಸದ ಪದಕ್ಕೆ ಚಂಡೆಯವರು ಕೋಲು ಮಡಿಲಲ್ಲಿ ಇಟ್ಟು ಕೂರುತ್ತಾರಲ್ಲ, ಹಾಗೆ. ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತದೆಂದು ಆಗಾಗ ಒಳಗೆ ಬಿಸಿಯುಸಿರು ಊದುತ್ತಿದ್ದರು. ಮೂರನೆಯದು ನಿಲ್ಲದೆ ನಾಲ್ಕನೆಯದಕ್ಕೆ ಹರಿಯುವಲ್ಲಿ, ಟಿಂಪನಿ ಮೆಲ್ಲಗೆ ಗುನುಗುವಾಗ, ಅವರು ಬೆನ್ನು ನೆಟ್ಟಗೆ ಮಾಡಿದರು. ಮರುಕ್ಷಣ ಇಡೀ ಸಭಾಂಗಣದ ನೆಲ ನಡುಗಿತು. ಮೈಕಿದ್ದಿದ್ದರೆ ಕಿವಿ ಮುಚ್ಚಬೇಕಾಗುತ್ತಿತ್ತು.

ಜನ ಎದ್ದ ಮೇಲೂ ಐದು ನಿಮಿಷ ಕೂತಿರಿ. ವಯೊಲಿನ್ನಿನವರು ತಂತಿಯ ಮೇಲಿನ ರಾಳದ ಪುಡಿ ಒರೆಸುತ್ತಾರೆ, ಕಮಾನಿನ ಕೂದಲು ಸಡಿಲಿಸುತ್ತಾರೆ. ಓಬೋದವರು ಬಟ್ಟೆ ಎಳೆದು ಒಳಗಿನ ತೇವ ತೆಗೆಯುತ್ತಾರೆ. ಕೊನೆಗೆ ಗಾಲಿ ಇರುವ ಆಳೆತ್ತರದ ಪೆಟ್ಟಿಗೆಗಳು ಬರುತ್ತವೆ. ಒಂದೊಂದು ಡಬಲ್ ಬಾಸನ್ನು ಇಬ್ಬಿಬ್ಬರು ಎತ್ತಿ ಒಳಗೆ ಮಲಗಿಸುತ್ತಾರೆ.