ಸೊಂಟದ ಕೀಲಿನ ಆಪರೇಷನ್‌ಗೆ ವಿದೇಶಕ್ಕೆ ಹೊರಡುವ ಮುನ್ನ

ಸೊಂಟದ ಕೀಲು ಬದಲಿಸುವ ಆಪರೇಷನ್ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆಂದು ದೇಶ ದಾಟಿ ಹೋಗುವವರಿಗೆ ನಿಜವಾದ ಪರೀಕ್ಷೆ ಇರುವುದು ಗಾಯ ಇನ್ನೂ ಮಾಗದ ಕಾಲಿನೊಂದಿಗೆ ವಿಮಾನದಲ್ಲಿ ಕೂತು ವಾಪಸ್ ಬರುವುದರಲ್ಲಿ, ಬಂದ ಮೇಲಿನ ಆರು ವಾರಗಳಲ್ಲಿ. ಆದ್ದರಿಂದ ತಯಾರಿಯನ್ನು ಹಿಂದಿನಿಂದ ಶುರು ಮಾಡಬೇಕು: ಮೊದಲು ನಿಮ್ಮೂರಿನ ಡಾಕ್ಟರು, ಆಮೇಲೆ ವಾಪಸ್ ಟಿಕೆಟ್ಟು, ಆಸ್ಪತ್ರೆಯ ಮಾತು ಅದಾದ ಮೇಲೆ.

ಊರಿನ ಮೂಳೆ ತಜ್ಞರೊಬ್ಬರನ್ನು ಹೊರಡುವ ಮೊದಲೇ ಕಂಡು, "ಆಪರೇಷನ್ ಬೇರೆ ಕಡೆ ಮಾಡಿಸಿಕೊಂಡು ಬಂದರೆ ಆಮೇಲೆ ನೀವು ನೋಡಿಕೊಳ್ಳುತ್ತೀರಾ?" ಎಂದು ನೇರವಾಗಿ ಕೇಳಿ. ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಮಾಡಿದ ಕೆಲಸಕ್ಕೆ ಹೊಣೆ ಹೊರಲು ಹಿಂಜರಿಯುವುದು ಸಹಜ. ಆದರೆ ಅದು ಗಾಯ ಸೋರುತ್ತಿರುವ ಮಧ್ಯರಾತ್ರಿ ಗೊತ್ತಾಗುವ ಬದಲು ಈಗಲೇ ಗೊತ್ತಾಗಲಿ. ಅವರಿಂದ ಬೇಕಾಗುವುದು ಹೆಚ್ಚೇನಿಲ್ಲ: 10ರಿಂದ 14 ದಿನಕ್ಕೆ ಸ್ಟೇಪಲ್ ಅಥವಾ ಹೊಲಿಗೆ ಬಿಚ್ಚುವುದು (ಅದು ಅಲ್ಲೇ ಆಗಿರದಿದ್ದರೆ), ಆರು ವಾರಕ್ಕೊಂದು ಎಕ್ಸ್-ರೇ, ಫಿಸಿಯೋಥೆರಪಿಗೆ ಚೀಟಿ, ಏನಾದರೂ ಕೆಟ್ಟರೆ ಬಾಗಿಲು ತೆರೆದಿರುತ್ತದೆ ಎಂಬ ಮಾತು.

ಆಸ್ಪತ್ರೆಯವರು ಕಳಿಸುವ ಅಂದಾಜು ಪಟ್ಟಿಯಲ್ಲಿ "ಇಂಪೋರ್ಟೆಡ್ ಇಂಪ್ಲಾಂಟ್" (ಒಳಗೆ ಕೂರಿಸುವ ಕೃತಕ ಕೀಲು) ಎಂದಷ್ಟೇ ಇದ್ದರೆ ಅದು ಏನನ್ನೂ ಹೇಳಿದಂತಲ್ಲ. ಎಲ್ಲ ಇಂಪ್ಲಾಂಟೂ ಯಾವುದೋ ಒಂದು ದೇಶಕ್ಕೆ ಇಂಪೋರ್ಟೆಡ್ಡೇ! ಕಪ್ (ಸೊಂಟದ ಮೂಳೆಯ ಗುಳಿಯಲ್ಲಿ ಕೂರುವ ಬಟ್ಟಲು) ಯಾವುದು, ಸ್ಟೆಮ್ (ತೊಡೆಮೂಳೆಯೊಳಗೆ ಇಳಿಯುವ ಕಡ್ಡಿ) ಯಾವುದು, ಅದರ ತುದಿಯ ಚೆಂಡು ಸೆರಾಮಿಕ್ಕೋ ಲೋಹವೋ, ಕಪ್ಪಿನ ಒಳಪದರ ಪಾಲಿಎಥಿಲೀನೋ (ಒಂದು ಬಗೆಯ ಪ್ಲಾಸ್ಟಿಕ್), ಸಿಮೆಂಟ್ ಹಾಕಿ ಕೂರಿಸುತ್ತಾರೋ ಇಲ್ಲವೋ ಎಂಬುದನ್ನು ಕಂಪನಿ ಮತ್ತು ಮಾದರಿಯ ಹೆಸರು ಸಮೇತ ಬರಹದಲ್ಲಿ ತರಿಸಿಕೊಳ್ಳಿ. ಆ ಹೆಸರುಗಳನ್ನು ಬ್ರಿಟನ್ನಿನ ಒಡೆಪ್ (ODEP, ಇಂಪ್ಲಾಂಟುಗಳಿಗೆ ದರ್ಜೆ ಕೊಡುವ ತಜ್ಞರ ಸಮಿತಿ) ರೇಟಿಂಗ್ ಪಟ್ಟಿಯಲ್ಲಿ ಹುಡುಕಬಹುದು. ಅಲ್ಲಿನ 10, 13, 15 ಎಂಬ ಅಂಕಿಗಳು ಎಷ್ಟು ವರ್ಷದ ದಾಖಲೆ ಇದೆ ಎನ್ನುವುದನ್ನು, ಪಕ್ಕದ ಅಕ್ಷರ ಆ ದಾಖಲೆ ಎಷ್ಟು ಗಟ್ಟಿ ಎನ್ನುವುದನ್ನು ಸೂಚಿಸುತ್ತವೆ. 1979ರಲ್ಲಿ ಶುರುವಾದ ಸ್ವೀಡನ್ನಿನ ಮತ್ತು 1999ರಲ್ಲಿ ಶುರುವಾದ ಆಸ್ಟ್ರೇಲಿಯಾದ ಕೀಲು ನೋಂದಣಿ ದಾಖಲೆಗಳಿಂದಲೂ ಯಾವ ಮಾದರಿಗಳು ಎಷ್ಟು ಬೇಗ ಮರು ಆಪರೇಷನ್‌ಗೆ ಬರುತ್ತವೆ ಎಂದು ತಿಳಿಯುತ್ತದೆ. ಲೋಹದ ಚೆಂಡು ಲೋಹದ ಕಪ್ಪಿನಲ್ಲಿ ತಿರುಗುವ ಒಂದು ಹೆಸರಾಂತ ಮಾದರಿಯನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಲಾಯಿತು. ಹೊಸದು ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ.

ಸರ್ಜನ್ ಯಾವ ಕಡೆಯಿಂದ ಕೀಲು ತೆರೆಯುತ್ತಾರೆ ಎಂಬುದನ್ನೂ ಕೇಳಿ. ಹಿಂದಿನಿಂದಾದರೆ ಸಾಮಾನ್ಯವಾಗಿ 6ರಿಂದ 12 ವಾರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು ಎಂದು ಹೇಳುತ್ತಾರೆ. ಮುಂದಿನಿಂದಾದರೆ ಈ ಕಟ್ಟುಪಾಡು ಸಡಿಲ, ಆದರೆ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದು ಅಪಾಯ. ತಗ್ಗಾದ ವಿಮಾನದ ಸೀಟಿನಲ್ಲಿ ಹೇಗೆ ಕೂರಬೇಕು ಎನ್ನುವುದು ಇದರ ಮೇಲೆ ನಿಂತಿದೆ. ಬೆನ್ನುಮೂಳೆಗೆ ರಾಡ್, ಸ್ಕ್ರೂ ಹಾಕಿಸಿಕೊಂಡವರು ಅದನ್ನು ಮೊದಲ ಪತ್ರದಲ್ಲೇ ತಿಳಿಸಿ. ಬೆನ್ನು ಬಾಗದವರಲ್ಲಿ ಹೊಸ ಕೀಲು ಜಾರುವ ಸಂಭವ ಹೆಚ್ಚು, ಸರ್ಜನ್ ಬೇರೆಯದೇ ಕಪ್ ಆರಿಸಿಕೊಳ್ಳಬೇಕಾಗಬಹುದು.

ಇನ್ನು ಎಕ್ಸ್-ರೇ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುವವರು ಬಹಳ. ಅದರಿಂದ ಕೀಲು ಸವೆದಿದೆ ಎಂದು ಗೊತ್ತಾಗುತ್ತದೆಯೇ ಹೊರತು ಅಳತೆ ಸಿಗುವುದಿಲ್ಲ. ಎರಡೂ ಸೊಂಟ ಮತ್ತು ತೊಡೆಮೂಳೆಯ ಮೇಲ್ಭಾಗ ಪೂರ್ತಿ ಕಾಣುವಂತೆ ನೇರ ಚಿತ್ರವೊಂದು, ಪಕ್ಕದಿಂದ ಇನ್ನೊಂದು ತೆಗೆಸಿ, ಡೈಕಾಮ್ ಫೈಲನ್ನೇ (ಎಕ್ಸ್-ರೇಯ ಮೂಲ ಡಿಜಿಟಲ್ ರೂಪ) ಕೇಳಿ ಪಡೆಯಿರಿ. ನೇರ ಚಿತ್ರ ತೆಗೆಯುವಾಗ ಕೀಲಿನ ಮಟ್ಟದಲ್ಲಿ ಅಳತೆಗೆಂದೇ ಇರುವ ಲೋಹದ ಗುಂಡು (ಸಾಮಾನ್ಯವಾಗಿ 25 ಮಿ.ಮೀ.) ಇಟ್ಟಿರಬೇಕು. ಎಕ್ಸ್-ರೇಯಲ್ಲಿ ಮೂಳೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಎಷ್ಟು ಎಂದು ಹೇಳುವುದು ಆ ಗುಂಡು. ಇದರ ಮೇಲೆ ಸರ್ಜನ್ ಮುಂಚಿತವಾಗಿ ಸೈಜು ಲೆಕ್ಕ ಹಾಕಿ, ಬೇಕಾದ ಭಾಗಗಳನ್ನು ತರಿಸಿಟ್ಟುಕೊಳ್ಳುತ್ತಾರೆ.

ರಕ್ತ ಪರೀಕ್ಷೆಗಳನ್ನು ಹೊರಡುವ ವಾರದಲ್ಲಲ್ಲ, ಕನಿಷ್ಠ ಆರು ವಾರ ಮುಂಚೆ ಮಾಡಿಸಿ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ಏರಿಸಲು ಕಬ್ಬಿಣದ ಮಾತ್ರೆಗೆ ವಾರಗಟ್ಟಲೆ ಬೇಕು. ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಶೇಕಡ 8ರ ಮೇಲಿದ್ದರೆ ಹಲವು ಸರ್ಜನರು ದಿನಾಂಕ ಮುಂದೂಡುತ್ತಾರೆ, ಸೋಂಕಿನ ಭಯಕ್ಕೆ. ಹಲ್ಲಿನಲ್ಲಿ ಕೀವು, ಮೂತ್ರದಲ್ಲಿ ಉರಿ, ಕಾಲ್ಬೆರಳ ಸಂದಿಯಲ್ಲಿ ಹುಣ್ಣು ಇದ್ದರೆ ಮೊದಲು ವಾಸಿಯಾಗಲಿ. ನೋವು ತಡೆಯದೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಅಲ್ಲಿಂದ ಮೂರು ತಿಂಗಳು ಆಪರೇಷನ್ ಬೇಡ. ಇದನ್ನು ಮುಚ್ಚಿಟ್ಟವರು ತಮಗೇ ಕೇಡು ಮಾಡಿಕೊಂಡಂತೆ. ಮೂಗಿನ ಸ್ವಾಬ್‌ನಲ್ಲಿ ಸ್ಟ್ಯಾಫ್ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಮುಪಿರೋಸಿನ್ ಮುಲಾಮನ್ನು ದಿನಕ್ಕೆ ಎರಡು ಸಲದಂತೆ 5 ದಿನ ಮೂಗಿನೊಳಗೆ ಹಚ್ಚಿಸುತ್ತಾರೆ. ತೊಡೆಯ ಕೂದಲನ್ನು ನೀವೇ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ದಾರಿ. ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು.

ನುಂಗುವ ಪ್ರತಿಯೊಂದು ಮಾತ್ರೆಯ ಪಟ್ಟಿ ಕಳಿಸಿ. ಬ್ರ್ಯಾಂಡ್ ಹೆಸರು ಗಡಿ ದಾಟಿದರೆ ಬದಲಾಗುವುದರಿಂದ ಔಷಧದ ಮೂಲ ಹೆಸರನ್ನೇ ಬರೆಯಿರಿ. ವಾರ್ಫರಿನ್ ಸಾಮಾನ್ಯವಾಗಿ 5 ದಿನ, ಕ್ಲೊಪಿಡೊಗ್ರೆಲ್ 5ರಿಂದ 7 ದಿನ ಮುಂಚೆ ನಿಲ್ಲುತ್ತವೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಮಾತ್ರೆಗಳನ್ನು 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ರಕ್ತದ ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತು ಏರಿ ಪರಿಸ್ಥಿತಿ ಕೈ ಮೀರಬಹುದು. ಆಪರೇಷನ್ನಿಗೆ ಮೂರು ದಿನ ಮುಂಚೆ ಎಂದರೆ ಎಷ್ಟೋ ಸಲ ಅದು ವಿಮಾನ ಹತ್ತುವ ದಿನವೇ, ಆ ಗಡಿಬಿಡಿಯಲ್ಲಿ ಮರೆತು ಹೋಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹೋಗುವಾಗ ಆಪರೇಷನ್ನಿಗೆ ಎರಡು-ಮೂರು ದಿನ ಮುಂಚೆಯಾದರೂ ತಲುಪಿ. ವಾಪಸ್ ಟಿಕೆಟ್ ಮಾತ್ರ ದಿನಾಂಕ ಬದಲಾಯಿಸಬಹುದಾದದ್ದೇ ಆಗಿರಲಿ. ಈ ಆಪರೇಷನ್ ಆದಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಾರಗಟ್ಟಲೆ ಇರುತ್ತದೆ, ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣ ಅದನ್ನು ಇನ್ನಷ್ಟು ಏರಿಸುತ್ತದೆ. ದೂರದ ವಿಮಾನಕ್ಕೆ 6 ವಾರ ಕಾಯಿರಿ ಎನ್ನುವ ಸರ್ಜನರಿದ್ದಾರೆ, 3 ತಿಂಗಳು ಎನ್ನುವವರೂ ಇದ್ದಾರೆ. ಹತ್ತನೇ ದಿನಕ್ಕೆ ವಾಪಸ್ ಕಳಿಸುವ ಪ್ಯಾಕೇಜು ಕಂಡರೆ, ಆ ಲೆಕ್ಕ ಯಾರ ಅನುಕೂಲಕ್ಕೆ ಹಾಕಿದ್ದು ಎಂದು ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ಔಷಧ ಎಷ್ಟು ದಿನ ಎಂಬುದು ಬರಹದಲ್ಲಿರಲಿ. ರಿವರೋಕ್ಸಬಾನ್ ಆದರೆ ದಿನಕ್ಕೆ 10 ಮಿ.ಗ್ರಾಂನಂತೆ 35 ದಿನ ಕೊಡುವುದು ರೂಢಿ. ಊರಿಗೆ ಬಂದೆವು, ನಡೆಯುತ್ತಿದ್ದೇವೆ ಎಂದು ಅರ್ಧಕ್ಕೇ ನಿಲ್ಲಿಸುವುದು ದೊಡ್ಡ ತಪ್ಪು.

ಟಿಕೆಟ್ ಮಾಡಿಸುವಾಗ ಗಾಲಿಕುರ್ಚಿ ಕೇಳಿದರೆ ಸಾಲದು, ಯಾವ ದರ್ಜೆಯದ್ದು ಎಂದೂ ಹೇಳಬೇಕು. ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲವರು; ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲು ಆಗದು, ಆದರೆ ಒಳಗೆ ಸೀಟಿನವರೆಗೆ ನಡೆಯಬಲ್ಲವರು; ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಕುರ್ಚಿಯೇ ಬೇಕಾದವರು. ವಾಪಸಾತಿಗೆ ಬಹುತೇಕ ಎರಡನೆಯದು ಸರಿಹೊಂದುತ್ತದೆ. ಮೊದಲನೆಯದನ್ನು ಹಾಕಿಸಿಕೊಂಡು, ಏರೋಬ್ರಿಜ್ (ವಿಮಾನದ ಬಾಗಿಲಿಗೇ ಸೇರುವ ದಾರಿ) ಇಲ್ಲದ ಕಡೆ ಊರುಗೋಲು ಹಿಡಿದು ಮೆಟ್ಟಿಲ ಕೆಳಗೆ ನಿಲ್ಲುವ ಪಾಡು ಬೇಡ. ಕಾಲು ಚಾಚಲು ಜಾಗ ಹೆಚ್ಚೆಂದು ತುರ್ತು ಬಾಗಿಲ ಪಕ್ಕದ ಸೀಟು ಕೇಳಬೇಡಿ, ನಡೆಯಲು ಕಷ್ಟವಿದ್ದವರಿಗೆ ಅದನ್ನು ಕೊಡುವುದಿಲ್ಲ. ಬಲಗಾಲಿಗೆ ಆಪರೇಷನ್ ಆಗಿದ್ದರೆ ವಿಮಾನದ ಎಡಭಾಗದ ನಡೆದಾರಿ ಸೀಟು ತೆಗೆದುಕೊಳ್ಳಿ. ಆಗ ಬಲಗಾಲನ್ನು ದಾರಿಯತ್ತ ಚಾಚಬಹುದು. ಎಡಗಾಲಿಗೆ ಇದರ ತಿರುವು. ಊಟದ ಗಾಡಿ ಬರುವಾಗ ಮಾತ್ರ ಒಳಕ್ಕೆಳೆದುಕೊಳ್ಳಿ. ಹಿಂಬದಿ ದಪ್ಪವಿರುವ ಇಳಿಜಾರು ದಿಂಬೊಂದನ್ನು ಕೆಳಗೆ ಹಾಕಿಕೊಂಡರೆ ಸೊಂಟ ಮಂಡಿಗಿಂತ ಮೇಲಿರುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ನೋವಿನ ಮಾತ್ರೆಯಲ್ಲೊಂದು ಎಚ್ಚರ. ಟ್ರಮಡಾಲ್‌ನಂಥ ಔಷಧಗಳಿಗೆ ಈಜಿಪ್ಟ್, ಯುಎಇ ಮುಂತಾದ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ. ನಡುವೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿಕೊಳ್ಳಿ. ಚೀಟಿ ಮತ್ತು ಔಷಧ ಕೈಚೀಲದಲ್ಲೇ ಇರಲಿ. ಸಾಮಾನ್ಯ ಪ್ರಯಾಣ ವಿಮೆ ಇಂಥ ಆಪರೇಷನ್ನಿಗೂ ಅದರ ತೊಡಕುಗಳಿಗೂ ಬಹುತೇಕ ಅನ್ವಯಿಸುವುದಿಲ್ಲ.

ಆಸ್ಪತ್ರೆ ಬಿಡುವಾಗ ಡಿಸ್ಚಾರ್ಜ್ ಸಾರಾಂಶ ಮಾತ್ರ ಸಾಲದು. ಆಪರೇಷನ್ ಟಿಪ್ಪಣಿ, ಆಮೇಲಿನ ಎಕ್ಸ್-ರೇಯ ಡೈಕಾಮ್ ಫೈಲು, ಎಲ್ಲಕ್ಕಿಂತ ಮುಖ್ಯವಾಗಿ ಇಂಪ್ಲಾಂಟ್ ಸ್ಟಿಕ್ಕರುಗಳು ಬೇಕು. ಪ್ರತಿ ಭಾಗದ ಡಬ್ಬದಲ್ಲೂ ಕಂಪನಿ, ಮಾದರಿ ಸಂಖ್ಯೆ, ಲಾಟ್ ಸಂಖ್ಯೆ, ಅಳತೆ ಇರುವ ಸ್ಟಿಕ್ಕರು ಇರುತ್ತದೆ. ಮುಂದೆಂದೋ ಚೆಂಡು ಅಥವಾ ಒಳಪದರವನ್ನಷ್ಟೇ ಬದಲಿಸಬೇಕಾಗಿ ಬಂದರೆ, ಒಂದು ಕಂಪನಿಯ ಸ್ಟೆಮ್ಮಿಗೆ ಇನ್ನೊಂದರ ಚೆಂಡು ಕೂರಿಸುವಂತಿಲ್ಲ. ಎರಡರ ಮೇಲೂ 12/14 ಎಂದು (ಚೆಂಡು ಕೂರುವ ಸ್ಟೆಮ್ ತುದಿಯ ಅಳತೆ) ಬರೆದಿದ್ದರೂ ಕೋನದಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಸ್ಟಿಕ್ಕರ್ ಇಲ್ಲದೆ ಮುಂದಿನ ಸರ್ಜನ್ ಕತ್ತಲಲ್ಲಿ ತಡಕಾಡಬೇಕು.

ಮನೆಗೆ ಬಂದಮೇಲೆ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ತಟ್ಟನೆ ನೋವೆದ್ದು ಕಾಲು ಗಿಡ್ಡವಾಗಿ ತಿರುಚಿಕೊಂಡಂತಾಗುವುದು ಇವು ಬೆಳಗಿನವರೆಗೆ ಕಾಯುವಂಥವಲ್ಲ. ಗಾಯ ಒಂದು ವಾರ ದಾಟಿಯೂ ಸೋರುತ್ತಿದ್ದರೆ ಮೂಳೆ ತಜ್ಞರ ಬಳಿಗೇ ಹೋಗಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಬರೆಸಿಕೊಂಡರೆ ಸೋರಿಕೆ ಕೆಲದಿನ ನಿಂತಂತೆ ಕಾಣುತ್ತದೆ, ಅಷ್ಟರಲ್ಲಿ ಬ್ಯಾಕ್ಟೀರಿಯಾ ಲೋಹದ ಮೇಲೆ ಪದರ ಕಟ್ಟಿಕೊಂಡಿರುತ್ತದೆ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿದರೂ ಸಿಗದೆ ಹೋಗಬಹುದು. ಮೊದಲ ಕೆಲವು ವಾರಗಳಲ್ಲಾದರೆ ಕೀಲನ್ನು ತೊಳೆದು, ಚೆಂಡು-ಒಳಪದರ ಬದಲಿಸಿ, ಉಳಿದ ಇಂಪ್ಲಾಂಟನ್ನು ಉಳಿಸಿಕೊಳ್ಳಲು ಸಾಧ್ಯ. ತಡವಾದರೆ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಬೇಕಾಗಬಹುದು. ಹಾಗಾಗಿ ಮೊದಲು ಕೀಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಲಿ, ಮಾತ್ರೆ ಆಮೇಲೆ. ಚೀಲದಿಂದ ಸ್ಟಿಕ್ಕರುಗಳನ್ನು ತೆಗೆದುಕೊಂಡು ಹೋಗಲು ಮರೆಯಬೇಡಿ.