ಸಿನ್ ಮಾಂತೇಕಾ

ಅವ್ವ ಅಮೆರಿಕದ ಅರಿಜೋನಾದ ಟೂಸಾನ್‌ಗೆ ಬಂದ ಮೂರನೇ ದಿನವೇ ಅವಳಿಗೆ ಹಂದಿ ಕೊಬ್ಬು ತಿನ್ನಿಸಿಬಿಟ್ಟೆ.

ಬೇಕಂತ ಅಲ್ಲ. ಊರ ದಕ್ಷಿಣಕ್ಕೆ ಸಾಲು ಸಾಲು ಮೆಕ್ಸಿಕನ್ ಹೋಟೆಲುಗಳಿರುವ ಕಡೆ ಒಂದು ಸಣ್ಣ ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಬರೀ ಕಾಳು, ಚೀಸು, ಮಾಂಸ ಬೇಡ ಅಂತ ಎರಡೆರಡು ಸಲ ಹೇಳಿದ್ದೆ. ಹುಡುಗ ತಲೆಯಾಡಿಸಿದ್ದ. ಬುರಿಟೊ, ಅಂದರೆ ಕಾಳು ಸುತ್ತಿದ ಗೋಧಿ ರೊಟ್ಟಿ, ಅರ್ಧ ಮುಗಿದಾಗ ಅವ್ವ, "ಕಾಳು ಬೆಣ್ಣಿ ಆದಂಗ ಆಗ್ಯಾವಲ್ಲ, ಏನ್ ಹಾಕ್ಯಾರ ಕೇಳು" ಅಂದಳು. ಕೇಳಿದೆ. "ಮಾಂತೇಕಾ" ಅಂದ ಹುಡುಗ, ಹೆಮ್ಮೆಯಿಂದ. ಅಂದರೆ ಹಂದಿ ಕೊಬ್ಬು. ಅವನ ಲೆಕ್ಕದಲ್ಲಿ ಅದು ಮಾಂಸ ಅಲ್ಲವೇ ಅಲ್ಲ; ನಮಗೆ ಒಗ್ಗರಣೆ ಎಣ್ಣೆ ಇದ್ದ ಹಾಗೆ. ಅವ್ವ ಎದ್ದು ಕೈತೊಳೆದು ಬಂದಳು. "ಗೊತ್ತಿಲ್ಲದ ತಿಂದದ್ದು ತಿಂದಂಗಲ್ಲ, ಬಿಡು." ಕಾರು ಎರಡು ಸಿಗ್ನಲ್ ದಾಟಿದ ಮೇಲೆ, ಕಿಟಕಿ ಕಡೆ ಮುಖ ಮಾಡಿಕೊಂಡೇ, "ರುಚಿ ಅಂತೂ ಇತ್ತು" ಅಂದಳು.

ಅವತ್ತು ಕಲಿತ ಸ್ಪ್ಯಾನಿಷ್ ಮಾತು 'ಸಿನ್ ಮಾಂತೇಕಾ'. ಮಾಂತೇಕಾ ಇಲ್ಲದ್ದು ಅಂತ.

ಶನಿವಾರ ಪೂರ್ತಿ ಊರು ತೋರಿಸುವ ಯೋಜನೆ. ಟೂಸಾನ್ ಸುಮ್ಮನೆ ಯಾವುದೋ ಊರಲ್ಲ, 2015ರಲ್ಲಿ ಯುನೆಸ್ಕೋ ಅಮೆರಿಕದಲ್ಲೇ ಮೊದಲು 'ಪಾಕಕಲೆಯ ನಗರ' ಅಂತ ಗುರುತಿಸಿದ್ದು ಇದನ್ನ, ಇಲ್ಲಿನ ಸಾಂತಾ ಕ್ರೂಜ್ ನದಿ ದಂಡೆಯಲ್ಲಿ ನಾಲ್ಕು ಸಾವಿರ ವರ್ಷದಿಂದ ಮೆಕ್ಕೆಜೋಳ ಬೆಳೆದಿದ್ದಾರೆ ಅಂತೆಲ್ಲ ಭಾಷಣ ಬಿಗಿದೆ. "ಆತು, ಉಣ್ಣಾಕ ಏನ್ ಸಿಗ್ತೈತಿ ಹೇಳು" ಅಂದಳು.

ಮೊದಲು ಎಲ್ ಚಾರೋ. 1922ರಿಂದ ಇರುವ ಹೋಟೆಲು. ಬುರಿಟೊ ಎಣ್ಣೆಯಲ್ಲಿ ಬಿದ್ದು ಚಿಮಿಚಾಂಗಾ ಹುಟ್ಟಿದ್ದು ಇಲ್ಲೇ ಅಂತ ಇವರ ಕಥೆ; ಬೇರೆಯವರೂ ಅದೇ ಕಥೆ ಹೇಳಿಕೊಳ್ಳುತ್ತಾರೆ, ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಅವ್ವನಿಗೆ ಹಿಡಿಸಿದ್ದು ಮಾಳಿಗೆ. ಮೇಲೊಂದು ತಂತಿ ಪಂಜರದಲ್ಲಿ ಗೋಮಾಂಸದ ತೆಳು ಪಟ್ಟಿಗಳನ್ನು ನಿಂಬೆರಸ, ಬೆಳ್ಳುಳ್ಳಿ ಹಚ್ಚಿ ಬಿಸಿಲಿಗೆ ಒಣಹಾಕುತ್ತಾರೆ, ಕಾರ್ನೆ ಸೆಕಾ ಅಂತ. ಮೂಗು ಮುಚ್ಚಿಕೊಳ್ಳುತ್ತಾಳೆ ಅಂದುಕೊಂಡರೆ, "ಪಂಜರ ಚಲೋ ಮಾಡ್ಯಾರ. ಸಂಡಿಗಿ ಹಾಕಿದಾಗ ನಮಗೂ ಇಂಥಾದ್ದೊಂದು ಇದ್ದಿದ್ರ ದಿನಾ ಪೂರ್ತಿ ಕಾಗಿ ಕಾಯೂದು ತಪ್ಪತಿತ್ತು" ಅಂದಳು.

ಸೊನೋರಾ ಹಾಟ್‌ಡಾಗ್ ನಾನೊಬ್ಬನೇ ತಿಂದೆ, ಕಾರಿನ ಮರೆಯಲ್ಲಿ. ಬೇಕನ್ ಸುತ್ತಿ ಸುಟ್ಟ ಸಾಸೇಜು, ಮೇಲೆ ಪಿಂಟೋ ಕಾಳು, ಈರುಳ್ಳಿ, ಟೊಮೆಟೊ, ಮೆಯೊನೇಸು, ಪಕ್ಕದಲ್ಲೊಂದು ಸುಟ್ಟ ಹಳದಿ ಮೆಣಸಿನಕಾಯಿ. ಆ ಮೆಣಸಿನಕಾಯಿ ಮಾತ್ರ ಅವ್ವನಿಗೆ ಕೊಟ್ಟೆ.

ಸಾನ್ ಹವಿಯೇರ್ ಚರ್ಚಿಗೆ ಹೋದಾಗ ಮಧ್ಯಾಹ್ನ. ಬಯಲಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ನಿಂತಿದೆ. ಎರಡು ಗೋಪುರದಲ್ಲಿ ಒಂದು ಅರ್ಧಕ್ಕೇ ನಿಂತದ್ದು ಹಾಗೇ ಇದೆ. ಎದುರಿನ ಬಯಲಿನಲ್ಲಿ ಕಟ್ಟಿಗೆ ಚಪ್ಪರದಡಿ ಟೊಹೋನೊ ಓಥಮ್ ಬುಡಕಟ್ಟಿನ ಹೆಂಗಸರು ಫ್ರೈ ಬ್ರೆಡ್ ಕರಿಯುತ್ತಿದ್ದರು. ಹಿಟ್ಟಿನ ಉಂಡೆಯನ್ನು ಲಟ್ಟಣಿಗೆ ಇಲ್ಲದೆ ಅಂಗೈಯಿಂದ ಅಂಗೈಗೆ ಬಡಿಯುತ್ತ ಹಿಗ್ಗಿಸುವುದು. ಅವ್ವ ಬಾಣಲೆಯ ಹತ್ತಿರ ಹೋಗಿ ಬಗ್ಗಿ ನೋಡಿ ಕೇಳಿಯೇಬಿಟ್ಟಳು: "ಸಿನ್ ಮಾಂತೇಕಾ?" ಆಕೆ ನಕ್ಕು ಮೇಜಿನ ಕೆಳಗಿಂದ ಎಣ್ಣೆ ಡಬ್ಬ ಎತ್ತಿ ತೋರಿಸಿದಳು. ಜೇನು ಸುರಿದದ್ದೊಂದನ್ನು ಅವ್ವ ಪೂರ್ತಿ ತಿಂದಳು. ನನ್ನ ಪಟ್ಟಿಯಲ್ಲಿ ಈ ಚಪ್ಪರ ಇರಲೇ ಇಲ್ಲ.

ಆ ಬುಡಕಟ್ಟಿನವರದೇ ಸಹಕಾರಿ ತೋಟದ ಅಂಗಡಿಯಲ್ಲಿ ಟೆಪರಿ ಕಾಳು ಸಿಕ್ಕಿತು. ಕಂದು, ಬಿಳಿ ಎರಡು ಬಗೆ, ಅವರೆಗಿಂತ ಬಹಳ ಸಣ್ಣದು. ಜುಲೈನಲ್ಲಿ ಬರುವ ಮಳೆಗೆ ಇಲ್ಲಿಯೂ ಮಾನ್ಸೂನ್ ಅಂತಲೇ ಹೆಸರು. ಆ ನಾಲ್ಕು ಮಳೆಯ ಹರಿನೀರಲ್ಲೇ ಬೆಳೆದುಬಿಡುವ ಕಾಳು ಇದು. ಅವ್ವ ಮುಷ್ಟಿಯಲ್ಲಿ ಹಿಡಿದು, ಒಂದನ್ನು ಹಲ್ಲಲ್ಲಿ ಕಡಿದು ನೋಡಿದಳು. "ನಮ್ಮ ಮಡಕಿ ಕಾಳಿನ ಜಾತಿ. ನೀರು ಕೇಳೂದಿಲ್ಲ ಇದು." ರೋಣದ ಕಡೆ ಎರೆಹೊಲದಲ್ಲಿ ಅರವತ್ತು ವರ್ಷ ಮಳೆ ದಾರಿ ಕಾದವಳು, ನಾನು ಬಾಯಿ ಮುಚ್ಚಿಕೊಂಡೆ. ಜೊತೆಗೆ ಒಂದು ಚಿಕ್ಕ ಶೀಶೆ ಚಿಲ್ಟೆಪಿನ್ ತಗೊಂಡೆವು, ಮೆಣಸಿನಕಾಳಿನಷ್ಟೇ ಗುಂಡಗಿನ ಕಾಡು ಮೆಣಸಿನಕಾಯಿ. ನಮ್ಮ ಬ್ಯಾಡಗಿಗೆ ಮುತ್ತಜ್ಜ ಅನ್ನಬಹುದಾದದ್ದು. ಬಾಯಿಗಿಟ್ಟರೆ ಬೆಂಕಿ, ಎರಡು ನಿಮಿಷಕ್ಕೆ ಪತ್ತೆಯಿಲ್ಲ.

ರಾತ್ರಿ ನೆನೆಹಾಕಿದ ಕಾಳು ಮರುದಿನ ಎಂಟು ಸೀಟಿಗೂ ಬೇಯಲಿಲ್ಲ. ಹನ್ನೆರಡಕ್ಕೆ ಬೆಂದಿತು. ಬೆಳ್ಳುಳ್ಳಿ ಒಗ್ಗರಣೆ, ಊರಿಂದ ತಂದ ಗುರೆಳ್ಳು ಪುಡಿ, ಎರಡು ಚಿಲ್ಟೆಪಿನ್ ಹಾಕಿ ಅವ್ವ ಉಸಳಿ ಮಾಡಿದಳು. ಮಣ್ಣಿನ ವಾಸನೆಯ ಹತ್ತಿರದ್ದೇನೋ ಒಂದು ರುಚಿ.

ಪಾತ್ರೆ ತೊಳೆಯುವಾಗ ನೋಡಿದರೆ ಅವಳ ಸೀರೆ ಸೆರಗಿನ ತುದಿಗೊಂದು ಗಂಟು. ಒಂದು ಹಿಡಿ ಹಸಿ ಟೆಪರಿ. ಬೀಜ ಹಾಗೆಲ್ಲ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ ಅವ್ವ, ಕಾಗದಪತ್ರ ಬೇಕು ಅಂದೆ.

"ಕಾಳಿಗೂ ವೀಸಾನೇನೋ?" ಅಂದಳು. ಗಂಟು ಮಾತ್ರ ಬಿಚ್ಚಲಿಲ್ಲ.